ಉಕ್ಕಿನ ಮೂಸೆಯೂ ಡಾಕ್ಟರ್ ಪದವಿಯೂ



ಪರದೇಶಕ್ಕೆ ಹೋಗಿ ಡಾಕ್ಟರ್ ಪದವಿಯನ್ನು ಪಡೆದು ಬರುವುದೆಂದರೆ ಇಲ್ಲಿಲ್ಲದ ವಿದ್ಯೆಯನ್ನು ಅಲ್ಲಿಂದ ಹೊತ್ತು ತರುವುದೆಂದೇ ನಾವು ಭಾವಿಸುವುದು ವಾಡಿಕೆ. ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಕಡೆಯಿಂದ ನೋಡಿದರೆ ಈ ವ್ಯವಹಾರವು ಅಷ್ಟು ಸರಳವಾಗಿ ತೋರುವುದಿಲ್ಲ. ನಮ್ಮ ತರುಣರು ಕಡಲನ್ನು ದಾಟುವುದಕ್ಕೆ ಬಹುಕಾಲ ಮೊದಲೇ ಪದವೀಧರನೊಬ್ಬನು ಕಡಲನ್ನು ದಾಟಿ ಈ ಸೀಮೆಗೆ ಬಂದಿದ್ದನು. ಅವನಿಗೆ ಪಾಠ ಹೇಳಿದವರು ಇಲ್ಲಿಯ ರೈತರು, ಕಮ್ಮಾರರು.

ಆತನ ಹೆಸರು ಫ್ರಾನ್ಸಿಸ್ ಬುಕಾನನ್. ಸ್ಕಾಟ್‌ಲೆಂಡಿನವನು, ೧೭೮೩ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಿಂದ ವೈದ್ಯಶಾಸ್ತ್ರದ ಡಾಕ್ಟರನಾದವನು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ೧೮೦೦ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು ದೇಶವನ್ನು ಸಂಚರಿಸುತ್ತ ಮಧುಗಿರಿ, ಸಿರಾಗಳನ್ನೂ ಹೊಕ್ಕನು. ಬೆಳೆ ಯಾವುದು, ದನಗಳ ತಳಿ ಯಾವುದು, ಕಂದಾಯವೆಷ್ಟು, ಗಣಿಯಲ್ಲಿ ಏನು ದೊರೆಯುತ್ತದೆ ಎಂದು ಊರೂರಿನಲ್ಲಿ ಕೇಳಿ ಬರೆದುಕೊಂಡನು. ಹೊಸದಾಗಿ ಕೈಗೆ ಬಂದ ಪ್ರಾಂತದ ಬೆಲೆಯನ್ನು ತಿಳಿಯಬೇಕೆಂಬ ಕಂಪೆನಿಯ ಆಸೆಯೂ ಈ ಜಿಜ್ಞಾಸೆಯ ಹಿಂದೆ ಇದ್ದಿತೆಂಬುದನ್ನು ಮರೆಯಲಾಗದು. ಆದರೂ ಕೇಳುವ ಕಲೆ ಅವನಿಗೆ ಚೆನ್ನಾಗಿ ತಿಳಿದಿತ್ತು.

ಇಂದು ಕೊರಟಗೆರೆ ತಾಲ್ಲೂಕಿಗೆ ಸೇರಿರುವ ಚನ್ನರಾಯನದುರ್ಗದ ಸುತ್ತಿನ ಉಕ್ಕಿನ ಕುಲುಮೆಗಳ ವರ್ಣನೆಯು ಅವನ ಗ್ರಂಥದ ಅತ್ಯಂತ ಸ್ವಾರಸ್ಯವಾದ ಭಾಗಗಳಲ್ಲೊಂದು. ಮಳೆಗಾಲದಲ್ಲಿ ಹಳ್ಳಗಳು ಹೊತ್ತು ತಂದ ಕಪ್ಪು ಮರಳನ್ನು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡನ್ನು ಸುಡದ ಮಣ್ಣಿನ ಚಿಕ್ಕ ಮೂಸೆಯೊಳಗಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿಗಳನ್ನೂ ಎರಡು ಹಸಿರೆಲೆಗಳನ್ನೂ ಸೇರಿಸಿ, ಬಾಯಿಗೆ ಮಣ್ಣು ಮೆತ್ತಿ, ತಿದಿಯೂದಿ ಕಾಯಿಸುವರು. ಒಳಗಿನ ಸೌದೆಯ ಇಂಗಾಲವು ಕಬ್ಬಿಣದಲ್ಲಿ ಬೆರೆತು ಉಕ್ಕಾಗುವುದು. ಕಲ್ಲುಕುಟಿಗರ ಉಳಿಗೂ ವಾದ್ಯಗಳ ತಂತಿಗೂ ಅದೇ ಉಕ್ಕು. ಕಬ್ಬಿಣಕ್ಕೂ ಉಕ್ಕಿಗೂ ಇರುವ ಭೇದಕ್ಕೆ ಇಂಗಾಲವೇ ಕಾರಣವೆಂದು ಫ್ರಾನ್ಸಿನ ವಿಜ್ಞಾನಿಗಳು ತೋರಿಸಿಕೊಟ್ಟದ್ದು ೧೭೮೬ರಲ್ಲಿ! ಚನ್ನರಾಯನದುರ್ಗದ ಕಮ್ಮಾರನು ಆ ಪ್ರಬಂಧವನ್ನು ಕಂಡವನಲ್ಲ. ತಂಗಡಿಯ ಕಡ್ಡಿ ಎಷ್ಟು ಬೇಕೆಂಬುದು ಮಾತ್ರ ಅವನಿಗೆ ಗೊತ್ತಿತ್ತು. ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮೂರು ಸಂಪುಟಗಳ ಮೇಲಿರುವುದು ಬುಕಾನನ್ನನ ಹೆಸರೊಂದೇ.

ಆ ವೇಳೆಗಾಗಲೇ ದಕ್ಷಿಣ ಭಾರತದ ಈ ಮೂಸೆಯುಕ್ಕು ‘ವೂಟ್ಸ್’ ಎಂಬ ಹೆಸರಿನಿಂದ ಇಂಗ್ಲೆಂಡನ್ನು ಮುಟ್ಟಿತ್ತು. ನಮ್ಮ ‘ಉಕ್ಕು’ ಎಂಬ ಮಾತೇ ಹಾಗೆ ತಿರುಚಿಕೊಂಡಿತೆಂಬುದು ಅನೇಕ ವಿದ್ವಾಂಸರ ಮತ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿದನು. ಮುಂದೆ ಮೈಕೇಲ್ ಫ್ಯಾರಡೆಯೂ ಅದರ ರಹಸ್ಯವನ್ನು ಅರಸಿದನು.

ಎರಡು ಶತಮಾನ ಕಳೆದ ಮೇಲೆ ದಾರಿ ತಿರುವುಮುರುವಾಯಿತು. ಶಾರದಾ ಶ್ರೀನಿವಾಸನ್ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪುರಾತತ್ತ್ವ ಸಂಸ್ಥೆಯಲ್ಲಿ ದಕ್ಷಿಣ ಭಾರತದ ಲೋಹವಿಗ್ರಹಗಳನ್ನೇ ವಿಷಯವಾಗಿ ಆರಿಸಿಕೊಂಡು ೧೯೯೬ರಲ್ಲಿ ಡಾಕ್ಟರೇಟ್ ಪಡೆದರು. ನಮ್ಮ ಎರಕದವರ ಕೈಚಳಕವನ್ನು ತಿಳಿಯುವುದಕ್ಕೆ ನಮ್ಮವರೊಬ್ಬರು ಥೇಮ್ಸ್ ನದಿಯ ತೀರಕ್ಕೆ ಹೋಗಬೇಕಾಯಿತೆಂಬುದು ವಿಚಿತ್ರವೇ ಸರಿ. ಅಲ್ಲಿ ಕಲಿತ ಪರೀಕ್ಷಾಕ್ರಮವು ಬೆಂಗಳೂರಿಗೆ ಬಂದು ಫಲ ಕೊಟ್ಟಿತೆಂಬುದೂ ಅಷ್ಟೇ ನಿಜ. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಅವರೊಡನೆ ವೂಟ್ಸ್ ಉಕ್ಕನ್ನು ಕುರಿತು ಅವರು ಬರೆದ ಗ್ರಂಥವು ೨೦೦೪ರಲ್ಲಿ ಹೊರಬಂದಿತು.

ಉಕ್ಕಿನ ಮಾತು ಇಷ್ಟಾಯಿತು. ಈ ನಾಲ್ಕು ತಾಲ್ಲೂಕುಗಳ ಹಳೆಯ ಚಿಂತೆ ನೀರಿನದು. ಪಾವಗಡದ ಕಡಲೇಕಾಯಿ ಹೊಲವು ಮೋಡವನ್ನೇ ನಂಬಿದ್ದು. ಜಯಮಂಗಲಿಯು ಕೊರಟಗೆರೆ, ಮಧುಗಿರಿಗಳಲ್ಲಿ ಹರಿದರೂ ವರ್ಷದ ಬಹುಭಾಗ ಮರಳೇ ಕಾಣುವುದು. ತುಮಕೂರಿನ ಜಿ. ಪರಮೇಶ್ವರ ಅವರು ಬೆಂಗಳೂರಿನಲ್ಲಿ ಕೃಷಿವಿಜ್ಞಾನವನ್ನು ಓದಿ ಸಸ್ಯಶರೀರಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದದ್ದು ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾನಿಲಯದ ವೇಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ. ಆ ಸಂಸ್ಥೆ ೧೯೨೪ರಲ್ಲಿ ಹುಟ್ಟಿದ ಪ್ರಾಂತವೂ ಒಣನೆಲವೇ. ೧೮೬೫ರ ಬರಗಾಲದಲ್ಲಿ ಗಾಯ್ಡರ್ ಎಂಬ ಭೂಮಾಪಕನು ಕುದುರೆಯೇರಿ ಸುತ್ತಿ, ಇಲ್ಲಿಂದಾಚೆಗೆ ಬಿತ್ತನೆಯನ್ನು ನಂಬಬೇಡಿರೆಂದು ನಕ್ಷೆಯಲ್ಲಿ ಗೆರೆಯೆಳೆದ ನಾಡು ಅದು. ನಮ್ಮ ಒಣಸೀಮೆಯ ವಿದ್ಯಾರ್ಥಿಗೆ ಇದಕ್ಕಿಂತ ಒಪ್ಪುವ ಪರದೇಶವು ದೊರೆಯುವುದು ಕಷ್ಟ.

ಹಿಂದಿರುಗಿದವರು ಪ್ರಯೋಗಶಾಲೆಯಲ್ಲಿ ನಿಲ್ಲದೆ ರಾಜಕಾರಣಕ್ಕಿಳಿದರು. ೧೯೮೯, ೧೯೯೯, ೨೦೦೪ರಲ್ಲಿ ಮಧುಗಿರಿಯಿಂದಲೂ, ೨೦೦೮, ೨೦೧೮, ೨೦೨೩ರಲ್ಲಿ ಕೊರಟಗೆರೆಯಿಂದಲೂ ವಿಧಾನಸಭೆಗೆ ಆಯ್ಕೆಯಾದರು. ಇದರಿಂದ ಸಸ್ಯಶಾಸ್ತ್ರಕ್ಕಾದ ನಷ್ಟವೆಷ್ಟು, ಸೀಮೆಗಾದ ಲಾಭವೆಷ್ಟು ಎಂಬ ಲೆಕ್ಕವನ್ನು ಆ ಎರಡು ತಾಲ್ಲೂಕಿನ ಬೇಸಾಯಗಾರರೇ ಹೇಳಬೇಕು. ಬುಕಾನನ್ನನಂತೆ ಊರೂರಿಗೆ ಹೋಗಿ ಅವರನ್ನು ಕೇಳಿ ಬರೆದುಕೊಳ್ಳುವವರು ಬೇಕಷ್ಟೆ.