ಕಳೆದುದು ಯಾವ ಕನ್ನಡ? ಮೈಸೂರು ಸೀಮೆಯಲ್ಲಿ ಅಫೇಸಿಯಾ ಅಧ್ಯಯನ ನಡೆದುಬಂದ ದಾರಿ

ಕೃಷ್ಣರಾಜನಗರದಿಂದ ಹೊಳೆನರಸೀಪುರದ ಕಡೆಗೆ ಸಾಗುವ ರಸ್ತೆಯಲ್ಲಿರುವ ಭೇರ್ಯದ ಹೆಸರನ್ನು ಬರೆಯುವಾಗ ಮಹಾಪ್ರಾಣ ಬೇಕು. ಆ ಸೀಮೆಯ ದಿನಬಳಕೆಯ ಮಾತಿನಲ್ಲಿ ಅದು ಬಹುಮಟ್ಟಿಗೆ ‘ಬೇರ್ಯ’. ಅಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಬರುತ್ತೇನೆ’ ‘ಬತ್ತೀನಿ’ ಆಗುತ್ತದೆ. ಉಪಭಾಷಾ ಅಧ್ಯಯನಕ್ಕೆ ಇದು ಹಳೆಯ ಸಂಗತಿ. ಆದರೆ ಪಾರ್ಶ್ವವಾಯುವಿನಿಂದ ಮಾತು ಕುಂದಿದ ರೈತನೊಬ್ಬನು ಚಿಕಿತ್ಸಕರ ಎದುರು ಕುಳಿತು, ಚಿತ್ರವನ್ನು ನೋಡಿ ‘ಆಲು’ ಎಂದಾಗ ಇದಕ್ಕೆ ಬೇರೆಯ ತೂಕ ಬರುತ್ತದೆ. ಅದು ರೋಗದ ಗುರುತೋ, ಊರಿನ ಗುರುತೋ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮೈಸೂರು ಸೀಮೆಯ ಅಫೇಸಿಯಾ ಅಧ್ಯಯನದ ಚರಿತ್ರೆಯನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಮಿದುಳಿನ, ಬಹುಪಾಲು ಅದರ ಎಡಗೋಳಾರ್ಧದ, ಘಾಸಿಯಿಂದ ನುಡಿಯುವ, ಗ್ರಹಿಸುವ, ಓದುವ, ಬರೆಯುವ ಶಕ್ತಿಗಳು ಕುಗ್ಗುವುದೇ ಅಫೇಸಿಯಾ. ಪ್ಯಾರಿಸ್ಸಿನಲ್ಲಿ ಬ್ರೋಕಾ 1861ರಲ್ಲಿ ವರ್ಣಿಸಿದ ರೋಗಿಗೆ ‘ತಾನ್’ ಎಂಬ ಒಂದು ಉಲಿಯೇ ಹೆಚ್ಚುಕಡಿಮೆ ಉಳಿದಿತ್ತು. 1874ರಲ್ಲಿ ವೆರ್ನಿಕೆ ಗ್ರಹಿಕೆ ಕೆಡುವ ಬಗೆಯನ್ನು ವಿವರಿಸಿದನು. ಆಮೇಲೆ ಬೆಳೆದ ಸಿದ್ಧಾಂತಗಳ ಸಾಮಗ್ರಿ ಮುಖ್ಯವಾಗಿ ಐರೋಪ್ಯ ಭಾಷೆಗಳದು. ವ್ಯಾಕರಣ ಕಳೆದುಕೊಂಡವರು ಪ್ರತ್ಯಯಗಳನ್ನು ಬಿಟ್ಟು ತಂತಿ ಸಂದೇಶದಂತೆ ಮಾತನಾಡುತ್ತಾರೆಂಬ ವರ್ಣನೆ ಅಲ್ಲಿಂದ ಬಂದದ್ದು.

ಕನ್ನಡಕ್ಕೆ ಆ ವರ್ಣನೆ ನೇರವಾಗಿ ಹೊಂದುವುದಿಲ್ಲ. ‘ಬಂದಳು’ ಎಂಬುದರ ಪ್ರತ್ಯಯವನ್ನು ತೆಗೆದರೆ ಉಳಿಯುವ ‘ಬಂದ್-’ ಸ್ವತಂತ್ರ ಪದವಲ್ಲ. ಆದ್ದರಿಂದ ಇಲ್ಲಿ ಲೋಪಕ್ಕಿಂತ ಪಲ್ಲಟಕ್ಕೆ ಅವಕಾಶ ಹೆಚ್ಚು: ‘ಬಂದಳು’ ಎನ್ನಬೇಕಾದಲ್ಲಿ ‘ಬಂದು’, ‘ಬಂದ’, ‘ಬಾ’ ಬರಬಹುದು. ‘ಬಾ’ ಎಂಬುದು ಏಕವಚನದ ವಿಧಿರೂಪವೂ ಆದುದರಿಂದ, ಕೇಳುವವರಿಗೆ ಅದು ಅವಿಧೇಯತೆಯಾಗಿ ತೋರುವ ಸಂಭವವೂ ಉಂಟು. ಮತ್ತೊಂದೆಡೆ ‘ಹಾಲು ಕುಡಿದೆ’ ಎಂಬಲ್ಲಿ ದ್ವಿತೀಯಾ ಪ್ರತ್ಯಯವಿಲ್ಲದಿರುವುದು ದೋಷವೇ ಅಲ್ಲ; ಅದು ಕನ್ನಡದ ಸಹಜ ರೀತಿ. ಇಂಗ್ಲಿಷಿನ ಪರೀಕ್ಷೆಯನ್ನು ಅನುವಾದಿಸಿದ ಮಾತ್ರಕ್ಕೆ ಇಂತಹ ವ್ಯತ್ಯಾಸಗಳು ಕಾಣುವುದಿಲ್ಲ.

ಇದಕ್ಕೆ ನೆಲೆ ಒದಗಿಸಿದ್ದು 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅಲ್ಲಿ ಕೆಲಸಮಾಡಿದ ಪ್ರತಿಭಾ ಕಾರಂತ ಅವರು 1980ರ ಸುಮಾರಿಗೆ ರೂಪಿಸಿದ ಕನ್ನಡದ ಭಾಷಾ ಪರೀಕ್ಷೆ ಧ್ವನಿ, ವಾಕ್ಯ, ಅರ್ಥ ಎಂಬ ಮೂರು ಸ್ತರಗಳನ್ನು ಪ್ರತ್ಯೇಕವಾಗಿ ಅಳೆಯಿತು. ವಾಕ್ಯವಿಭಾಗದಲ್ಲಿ ವಿಭಕ್ತಿ, ಕಾಲ, ಲಿಂಗ-ವಚನ-ಪುರುಷ, ಪ್ರೇರಣಾರ್ಥಕ, ಕೃದಂತ ಮೊದಲಾದ ರಚನೆಗಳಿಗೆ ಸ್ಥಾನ ದೊರೆಯಿತು. ವಾಕ್ಯವನ್ನು ಕೇಳಿ ಸರಿಯೋ ತಪ್ಪೋ ಹೇಳುವುದು ಅದರ ವಿಧಾನ. ಪರೀಕ್ಷೆಯ ಚೌಕಟ್ಟು ಕನ್ನಡದ ವ್ಯಾಕರಣದಿಂದಲೇ ಮೂಡಿದ್ದು ಮಹತ್ವದ ತಿರುವು.

ಆ ವಿಧಾನದ ಮಿತಿಯನ್ನು ಗುರುತಿಸಿದವರೂ ಅವರೇ. 1990ರ ದಶಕದಲ್ಲಿ ಕಾರಂತ ಮತ್ತು ಸಹಲೇಖಕರು ಸಾಕ್ಷರತೆಗೂ ಭಾಷಿಕ ಅರಿವಿಗೂ ಇರುವ ಸಂಬಂಧವನ್ನು ಪರಿಶೀಲಿಸಿ, ಯಾವ ಕಾಯಿಲೆಯೂ ಇಲ್ಲದ ನಿರಕ್ಷರ ವಯಸ್ಕರಿಗೆ ಇಂತಹ ತೀರ್ಮಾನಗಳು ಸಾಕ್ಷರರಿಗಿಂತ ಕಷ್ಟವೆಂದು ತೋರಿಸಿದರು. ಸೊಗಸಾಗಿ ಮಾತನಾಡಬಲ್ಲವನು ಮಾತನ್ನು ಅರ್ಥದಿಂದ ಬೇರ್ಪಡಿಸಿ ತೂಗಲಾರದೆ ಹೋಗಬಹುದು. ಆ ತೂಗುವಿಕೆ ಬಹುಮಟ್ಟಿಗೆ ಶಾಲೆಯ ಕೊಡುಗೆ. ಹಾಗಾದರೆ ಓದುಬರಹ ಕಲಿಯದವನ ಕಡಿಮೆ ಅಂಕವೆಲ್ಲ ಮಿದುಳಿನ ಘಾಸಿಯ ಫಲವಲ್ಲ.

ಉಪಭಾಷೆಯ ವಿಷಯದಲ್ಲಿ ಇಂತಹುದೇ ಎಚ್ಚರಕ್ಕೆ ಬೇಕಾದ ಸಾಮಗ್ರಿ ಮೊದಲೇ ಸಿದ್ಧವಿತ್ತು. ವಾಕ್ ಶ್ರವಣ ಸಂಸ್ಥೆ ಹುಟ್ಟಿದ ಮೂರು ವರ್ಷಕ್ಕೆ, 1968ರಲ್ಲಿ, ಯು. ಪಿ. ಉಪಾಧ್ಯಾಯ ಅವರು ನಂಜನಗೂಡು ಸೀಮೆಯ ಒಕ್ಕಲಿಗರ ಕನ್ನಡವನ್ನು ಕುರಿತು ಮಾಡಿದ ಅಧ್ಯಯನವನ್ನು ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿತು. ಒಂದೇ ಜಿಲ್ಲೆಯ ಮಾತನ್ನು ಕುರಿತ ಈ ಎರಡು ವಿದ್ಯಾಶಾಖೆಗಳು ಒಂದೇ ದಶಕದಲ್ಲಿ ಮೊಳೆತರೂ ಬೇರೆ ಬೇರೆ ಪಾತಿಗಳಲ್ಲಿ ಬೆಳೆದವು. 2008ರಲ್ಲಿ ಶ್ಯಾಮಲಾ ಚೆಂಗಪ್ಪ ಮತ್ತು ರವಿಕುಮಾರ್ ಅವರು ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ಆವೃತ್ತಿಗೆ ಆರೋಗ್ಯವಂತರ ಹಾಗೂ ರೋಗಿಗಳ ದತ್ತಾಂಶವನ್ನು ಒದಗಿಸಿದ ಮೇಲೆ ಅಂಕಗಳ ಹೋಲಿಕೆಗೆ ಆಧಾರ ದೊರೆಯಿತು. ಆದರೆ ಎಂತಹ ಅಂಕಪಟ್ಟಿಯೂ ‘ಆಲು’ವಿನ ಮೂಲವನ್ನು ತಾನಾಗಿ ಹೇಳದು. ಮನೆಯವರೂ ‘ಆಲು’ ಎನ್ನುತ್ತಾರೆಯೇ ಎಂದು ಚಿಕಿತ್ಸಕರು ಕೇಳಿ ತಿಳಿಯಬೇಕು.

ಇದು ರೋಗನಿರ್ಣಯಕ್ಕಷ್ಟೇ ಸೇರಿದ ಮಾತಲ್ಲ. ಚೇತರಿಕೆ ಮೊದಲ ತಿಂಗಳುಗಳಲ್ಲಿ ಬಿರುಸಾಗಿರುತ್ತದೆ, ಆಮೇಲೂ ನಿಧಾನವಾಗಿ ಮುಂದುವರಿಯಬಲ್ಲದು. ಆ ಬೆಲೆಯುಳ್ಳ ದಿನಗಳನ್ನು, ರೋಗಿ ಎಂದೂ ಆಡದಿದ್ದ ಹಕಾರವನ್ನು ಕಲಿಸುವುದಕ್ಕೆ ಕಳೆದರೆ ಅವನ ಹೆಂಡತಿಯನ್ನು ಕರೆಯುವ, ನೀರು ಕೇಳುವ, ಗದ್ದೆಯ ಸುದ್ದಿ ವಿಚಾರಿಸುವ ಮಾತು ಹಿಂದೆ ಬೀಳುತ್ತದೆ. ಮೊರ, ಮಂಕರಿ, ನೊಗ ಮೊದಲಾದವು ಅವನಿಗೆ ಚಿತ್ರಪಟದ ಹಡಗಿಗಿಂತ ಬೇಗ ಒದಗುವ ಹೆಸರುಗಳು.

ವಾಕ್ ಶ್ರವಣ ಸಂಸ್ಥೆ ಮೈಸೂರಿನಾಚೆಗೂ ತನ್ನ ಸೇವಾಕೇಂದ್ರಗಳನ್ನು ತೆರೆದಿದೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲೂ ಕೃಷ್ಣರಾಜನಗರಕ್ಕೆ ಹತ್ತಿರದ ಅಕ್ಕಿಹೆಬ್ಬಾಳಿನಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅವು ನಡೆದವು. ಚಿಕಿತ್ಸೆ ಹಳ್ಳಿಗೆ ಬಂದಂತೆ ಹಳ್ಳಿಯ ಮಾತೂ ಪರೀಕ್ಷೆಯೊಳಗೆ ಬರಬೇಕು. ಕಳೆದುದನ್ನು ಅಳೆಯುವ ಮೊದಲು ಇದ್ದುದನ್ನು ಬಲ್ಲವರಾಗಬೇಕು. ಆ ಬಲ್ಮೆಯನ್ನು ಒದಗಿಸುವ ಹೊಣೆ ವೈದ್ಯರದಲ್ಲ, ಭಾಷಾವಿಜ್ಞಾನಿಗಳಾದ ನಮ್ಮದು.