ಖಡಕಿಯಿಂದ ಹೊರಟ ಎಂಜಿನ್

ಪುಣೆಯಿಂದ ಮುಂಬೈ ಕಡೆಗೆ ಹೊರಟ ಲೋಕಲ್ ರೈಲು ಶಿವಾಜಿನಗರ ದಾಟಿದರೆ ಖಡಕಿ. ಬ್ರಿಟಿಷರ ಕಡತಗಳಲ್ಲಿ ಇದು ಕಿರ್ಕೀ. 1817ರ ನವೆಂಬರ್ 5ರಂದು ಎರಡನೆಯ ಬಾಜೀರಾಯನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ದಂಡಿಗೆ ಸೋತದ್ದು ಇಲ್ಲಿಯೇ. ಮುಂದೆ ಅದೇ ಬಯಲು ದಂಡುಪ್ರದೇಶವಾಯಿತು. 1869ರಲ್ಲಿ ಅಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು. ಊರಿನ ಹೆಸರಿಗೆ ಸೈನ್ಯ ಅಂಟಿಕೊಂಡಿತು.

ಮದ್ದುಗುಂಡಿನ ಕಾರ್ಖಾನೆ ಶುರುವಾದ ವರ್ಷವೇ, ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ ಒಂದು ಗಂಡುಮಗು ಹುಟ್ಟಿತು. ಆ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಹೆಸರು ಖಡಕಿಯ ಒಂದು ರಸ್ತೆಗೆ ಇದೆ. ಮನೆಮಾತು ಮರಾಠಿ, ಹುಟ್ಟಿದ ನೆಲ ಕನ್ನಡದ್ದು. ಅವರ ಮಗ ಖಡಕಿಯಲ್ಲಿ ಕಟ್ಟಿದ ಕಾರ್ಖಾನೆಯ ಡೀಸೆಲ್ ಎಂಜಿನ್‌ಗಳು ಕಡಲು ದಾಟಿ ಹೋದವು. ಭಾರತದ ಕಂಪನಿಯೊಂದು ಹೊರದೇಶಗಳಲ್ಲಿ ಬೆಳೆಯುವುದು ಎಂದರೆ ನಿಜವಾಗಿ ಏನು ಎಂಬುದಕ್ಕೆ ಈ ಮನೆತನದ ಚರಿತ್ರೆಯಷ್ಟು ಒಳ್ಳೆಯ ಪಾಠ ಇನ್ನೊಂದು ಸಿಗುವುದು ಕಷ್ಟ. ಐ.ಟಿ. ಕಂಪನಿಗಳ ಹೆಸರು ಹುಟ್ಟುವುದಕ್ಕೂ ಬಹಳ ಹಿಂದಿನ ಕಥೆ ಇದು.

ಲಕ್ಷ್ಮಣರಾಯರು ಚಿತ್ರಕಾರನಾಗಬೇಕೆಂದು ಮುಂಬೈಯ ಜೆ.ಜೆ. ಕಲಾಶಾಲೆಗೆ ಸೇರಿದವರು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದ ದೃಷ್ಟಿದೋಷ ಇದ್ದುದರಿಂದ ಚಿತ್ರಕಲೆ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿದರು. ಬೆಳಗಾವಿಯಲ್ಲಿ ಅಣ್ಣ ರಾಮಣ್ಣನವರ ಜೊತೆ 1888ರಲ್ಲಿ ಶುರುವಾದ ಸೈಕಲ್ ಅಂಗಡಿ ಮುಂದೆ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲಿನವರೆಗೆ ಬೆಳೆಯಿತು. ಕಬ್ಬಿಣದ ನೇಗಿಲು ಭೂಮಿಗೆ ವಿಷ ಹಾಕುತ್ತದೆ ಎಂಬ ನಂಬಿಕೆ ರೈತರಲ್ಲಿ ಇತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎನ್ನುತ್ತಾರೆ.

ಊರಿನ ವಿಸ್ತರಣೆಗೆಂದು ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ ನೆಲ ಕೊಟ್ಟರು. ಮುಳ್ಳುಕಳ್ಳಿ ತುಂಬಿದ ಆ ಬಯಲಿನಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ನೇಗಿಲಿನ ಹಿಂದೆಯೇ ನೀರೆತ್ತುವ ಪಂಪುಗಳು ಬಂದವು. ಪಂಪು ಇದ್ದರೆ ಸಾಲದು, ಅದನ್ನು ತಿರುಗಿಸಲು ಶಕ್ತಿ ಬೇಕು. ಹಳ್ಳಿಗಳಲ್ಲಿ ವಿದ್ಯುತ್ ಇರಲಿಲ್ಲ. ಎಂಜಿನ್‌ಗಳು ಬಹುತೇಕ ಇಂಗ್ಲೆಂಡಿನಿಂದ ಬರುತ್ತಿದ್ದವು.

ಈ ಕೊರತೆಗೆ ಉತ್ತರ ಹುಡುಕಿದವರು ಲಕ್ಷ್ಮಣರಾಯರ ಮಗ ಶಂತನುರಾವ್, ಅಮೆರಿಕದ ಎಂ.ಐ.ಟಿ.ಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಬಂದವರು. 1946ರಲ್ಲಿ ಎರಡು ಕಂಪನಿಗಳು ಒಟ್ಟಿಗೆ ಹುಟ್ಟಿದವು: ಬೆಂಗಳೂರಿನಲ್ಲಿ ಮೋಟಾರುಗಳಿಗಾಗಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಖಡಕಿಯಲ್ಲಿ ಡೀಸೆಲ್ ಎಂಜಿನ್‌ಗಾಗಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್. ಅದಕ್ಕೂ ಐದು ವರ್ಷ ಮೊದಲು, 1941ರಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ ಲೇತ್ ಯಂತ್ರಗಳ ಮೈಸೂರು ಕಿರ್ಲೋಸ್ಕರ್ ಆರಂಭವಾಗಿತ್ತು. ಖಡಕಿಗೆ ರೈಲು ಇತ್ತು, ಮುಂಬೈ ಬಂದರು ದೂರವಿರಲಿಲ್ಲ.

ಖಡಕಿಗೆ ಬೇಕಾದ ವಿದ್ಯೆ ಬಂದದ್ದು ಬ್ರಿಟಿಷ್ ಎಂಜಿನ್ ತಯಾರಕರ ಸಹಯೋಗದಿಂದ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಎಷ್ಟು ಬಿಗಿಯಾಗಿ ಒತ್ತಲಾಗುತ್ತದೆಂದರೆ, ಆ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಎಣ್ಣೆಯನ್ನು ಕ್ಷಣ ತಪ್ಪದೆ, ಹದ ತಪ್ಪದೆ ಚಿಮ್ಮಿಸುವ ಇಂಜೆಕ್ಷನ್ ಪಂಪನ್ನು ಕೂದಲೆಳೆಗಿಂತ ಸೂಕ್ಷ್ಮ ಅಳತೆಯಲ್ಲಿ ಮಾಡಬೇಕು. ಆದ್ದರಿಂದ ಒಂದೇ ಕಾರ್ಖಾನೆ ಕಟ್ಟಿದರೆ ಎಂಜಿನ್ ಆಗುವುದಿಲ್ಲ, ಸುತ್ತ ಒಂದು ಕೈಗಾರಿಕಾ ಲೋಕವೇ ಬೆಳೆಯಬೇಕು. ಬೆಂಗಳೂರಿನಲ್ಲಿ 1951ರಲ್ಲಿ ಜರ್ಮನಿಯ ಬಾಷ್ ನೆರವಿನಿಂದ ಶುರುವಾದ ಮೈಕೋ ಇಂಜೆಕ್ಷನ್ ಪಂಪುಗಳನ್ನು ಇಲ್ಲಿಯೇ ಮಾಡತೊಡಗಿದ್ದು ಅಂಥ ಬೆಳವಣಿಗೆಗಳಲ್ಲಿ ಒಂದು.

ಕಪಿಲೆ, ಏತ ನಂಬಿದ್ದ ತೋಟಗಳಿಗೆ ಐದು ಅಶ್ವಶಕ್ತಿಯ ಎಂಜಿನ್ ಬಂತು. ಕೈ ಹ್ಯಾಂಡಲ್ ಹಾಕಿ ತಿರುಗಿಸಿದರೆ ಸಾಕು, ಬಾವಿಯ ನೀರು ಕಾಲುವೆಗೆ. ಇದಕ್ಕೆ ದೊಡ್ಡ ವರ್ಕ್‌ಶಾಪು ಬೇಕಿರಲಿಲ್ಲ, ಊರಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ರಿಪೇರಿ ಮಾಡಬಲ್ಲವನಾಗಿದ್ದ. ಧೂಳು, ಬಿಸಿಲು, ಕಲಬೆರಕೆ ಎಣ್ಣೆ, ಓದು ಬರಹ ಬಾರದ ಚಾಲಕ — ಎಲ್ಲವನ್ನೂ ಅದು ತಾಳಿಕೊಳ್ಳಬೇಕಿತ್ತು.

ಹೊರದೇಶದ ಬಾಗಿಲು ತೆರೆದದ್ದು ಇದೇ ಗುಣದಿಂದ. ಪಶ್ಚಿಮ ಏಷ್ಯಾ, ಆಫ್ರಿಕಾ, ಆಗ್ನೇಯ ಏಷ್ಯಾದ ರೈತನ ಸ್ಥಿತಿ ಧಾರವಾಡದ ರೈತನಿಗಿಂತ ಬೇರೆ ಇರಲಿಲ್ಲ: ಸಣ್ಣ ಹಿಡುವಳಿ, ವಿದ್ಯುತ್ ಇಲ್ಲ, ನೀರು ಕೆಳಗೆ. ಹಿಂದುಳಿದ ದೇಶಗಳ ಕಂಪನಿಗಳು ಹೊರಗೆ ಹೋಗಿ ಗೆದ್ದಾಗ ಅವುಗಳ ಬಲ ಯಾವುದು ಎಂದು ಅಮೆರಿಕದ ವಿದ್ವಾಂಸ ಲೂಯಿಸ್ ವೆಲ್ಸ್ 1983ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಹೊಸ ಶೋಧಕ್ಕಿಂತ, ಹಳೆಯ ತಂತ್ರಜ್ಞಾನವನ್ನು ಸಣ್ಣ ಮಾರುಕಟ್ಟೆಗೆ, ಸಿಗುವ ಸಾಮಗ್ರಿಗೆ ಒಗ್ಗಿಸಿಕೊಂಡ ಜಾಣ್ಮೆಯೇ ಅವರ ಬಂಡವಾಳ ಎಂಬುದು ಅವರ ವಾದದ ಸಾರ. ಖಡಕಿಯ ಎಂಜಿನ್ನಿಗೆ ಆ ಮಾತು ಚೆನ್ನಾಗಿ ಒಪ್ಪುತ್ತದೆ.

ಮಾಲು ಕಳಿಸುವುದು ಸುಲಭ, ಅಲ್ಲಿ ನೆಲೆಯೂರುವುದು ಕಷ್ಟ. ಸ್ವತಂತ್ರ ಭಾರತದ ಕಂಪನಿಗಳಲ್ಲಿ ಬಿರ್ಲಾ ಮನೆತನ ಇಥಿಯೋಪಿಯಾದಲ್ಲಿ ಬಟ್ಟೆ ಗಿರಣಿಯೊಂದಿಗೆ ಮೊದಲ ಹೆಜ್ಜೆ ಇಟ್ಟಿತ್ತು. ಆದರೆ ಸರ್ಕಾರದ ಖಜಾನೆಯಲ್ಲಿ ವಿದೇಶಿ ವಿನಿಮಯವೇ ಇರಲಿಲ್ಲ. 1969ರ ನಿಯಮಗಳ ಪ್ರಕಾರ ಹೊರದೇಶದಲ್ಲಿ ಹೂಡುವ ಬಂಡವಾಳ ಮುಖ್ಯವಾಗಿ ಭಾರತದಲ್ಲಿ ತಯಾರಾದ ಯಂತ್ರಗಳ ರೂಪದಲ್ಲಿ ಇರಬೇಕಿತ್ತು, ನಗದಿಗೆ ಅವಕಾಶ ಅಪರೂಪ. ಪಾಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಅದೇ ವರ್ಷ ಬಂದ ಎಂ.ಆರ್.ಟಿ.ಪಿ. ಕಾಯ್ದೆ ದೊಡ್ಡ ಮನೆತನಗಳು ದೇಶದೊಳಗೆ ಬೆಳೆಯುವುದಕ್ಕೂ ಅಂಕುಶ ಹಾಕಿತು. ಒಳಗೆ ಬೆಳೆಯಲು ಅನುಮತಿ ಬೇಕು, ಹೊರಗೆ ಹೋಗಲೂ ಅನುಮತಿ ಬೇಕು. ಈ ಇಕ್ಕಟ್ಟಿನಲ್ಲಿ ನಡೆದ ವ್ಯಾಪಾರವನ್ನು ಇಂದಿನ ಅಳತೆಗೋಲಿನಿಂದ ಸಣ್ಣದೆಂದು ತಳ್ಳಿಹಾಕುವುದು ಸರಿಯಲ್ಲ.

ಅತ್ತ ಎದುರು ದಿಕ್ಕಿನ ಪ್ರಯಾಣವೂ ಪುಣೆಯಲ್ಲೇ ನಡೆದಿತ್ತು. ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಸಣ್ಣ ಊರಿನಲ್ಲಿ 1919ರಲ್ಲಿ ಹುಟ್ಟಿದ ಕಮಿನ್ಸ್ ಎಂಜಿನ್ ಕಂಪನಿ 1956ರಲ್ಲಿ ಸ್ಕಾಟ್ಲೆಂಡಿನ ಶಾಟ್ಸ್‌ನಲ್ಲಿ ಕಾರ್ಖಾನೆ ತೆರೆದಿತ್ತು. 1962ರಲ್ಲಿ ಅದು ಕಿರ್ಲೋಸ್ಕರ್ ಜೊತೆ ಸೇರಿ ಪುಣೆಯಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಸ್ಥಾಪಿಸಿತು. ದೊಡ್ಡ ಎಂಜಿನ್‌ಗಳ ವಿದ್ಯೆ ಅಮೆರಿಕದ್ದು, ಪರವಾನಗಿ ಪಡೆಯುವ, ಕೆಲಸಗಾರರನ್ನು ಕಲೆಹಾಕುವ, ಊರನ್ನು ಬಲ್ಲ ಶಕ್ತಿ ಇಲ್ಲಿನದು. ಮೂರು ದಶಕಗಳ ಮೇಲೆ, ನಿರ್ಬಂಧಗಳು ಸಡಿಲವಾದ 1990ರ ದಶಕದಲ್ಲಿ, ಕಿರ್ಲೋಸ್ಕರ್ ಹೆಸರು ಬೋರ್ಡಿನಿಂದ ಇಳಿಯಿತು. ಕಂಪನಿ ಕಮಿನ್ಸ್ ಇಂಡಿಯಾ ಆಯಿತು.

ಇದರಲ್ಲಿ ಮೋಸವೇನೂ ಇಲ್ಲ, ಆದರೆ ಪಾಠ ಇದೆ. ಹೊಸ ವಿನ್ಯಾಸ ಎಲ್ಲಿ ಹುಟ್ಟುತ್ತದೋ ಕೊನೆಗೆ ಯಜಮಾನಿಕೆ ಅಲ್ಲಿಗೇ ಸರಿಯುತ್ತದೆ. ಸ್ಥಳೀಯ ಪಾಲುದಾರ ಬೇಕಾಗುವುದು ಕಾನೂನು ಅವನನ್ನು ಬೇಕೆನ್ನುವವರೆಗೆ. 1997ರಲ್ಲಿ ಸ್ಥಾಪನೆಯಾಗಿ ಬಿಡದಿಯಲ್ಲಿ ಕಾರ್ಖಾನೆ ಕಟ್ಟಿದ ಟೊಯೊಟಾ ಕಿರ್ಲೋಸ್ಕರ್‌ನಲ್ಲಿ ಹೆಸರು ಎರಡಿದ್ದರೂ ಪಾಲಿನ ಬಹುಭಾಗ ಜಪಾನಿನದೇ. ಇಂಥ ಕಡೆ ಸಿಗುವ ಕೆಲಸ, ಶಿಸ್ತು, ಸುತ್ತಲಿನ ಬಿಡಿಭಾಗ ತಯಾರಕರ ಕಲಿಕೆ ಎಲ್ಲವೂ ಬೆಲೆಯುಳ್ಳದ್ದು. ಆದರೆ ಮುಂದಿನ ಎಂಜಿನ್ ಹೇಗಿರಬೇಕು ಎಂಬ ತೀರ್ಮಾನ ಬೇರೆಡೆ ಆಗುತ್ತದೆ.

1992ರಲ್ಲಿ ಹೊರಹೂಡಿಕೆಯ ನಿಯಮಗಳು ಸಡಿಲಗೊಂಡವು. 2000ದಲ್ಲಿ ಫೆಮಾ ಜಾರಿಗೆ ಬಂತು. ಆಗ ಭಾರತದ ಕಂಪನಿಗಳಿಗೆ ಮೂರನೆಯ ದಾರಿ ಕಂಡಿತು: ವಿದ್ಯೆಯನ್ನು ಎರವಲು ಪಡೆಯುವ ಬದಲು ಅದನ್ನು ಬಲ್ಲ ಕಂಪನಿಯನ್ನೇ ಕೊಳ್ಳುವುದು. ಪಂಪು ಮಾಡುವ ಕಿರ್ಲೋಸ್ಕರ್ ಬ್ರದರ್ಸ್ 2003ರಲ್ಲಿ ಇಂಗ್ಲೆಂಡಿನ ಎಸ್.ಪಿ.ಪಿ. ಪಂಪ್ಸ್ ಅನ್ನು ಕೊಂಡಿತು. ಬೆಂಕಿ ಆರಿಸುವ ಪಂಪುಗಳಲ್ಲಿ ಹೆಸರಾದ ಹಳೆಯ ಸಂಸ್ಥೆ ಅದು. ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ 2008ರಲ್ಲಿ ಜರ್ಮನಿಯ ಬ್ರೆಮೆನ್ ನಗರದ ಲಾಯ್ಡ್ ಡೈನಮೋವೆರ್ಕೆಯನ್ನು ಕೊಂಡಿತು. ಜಗತ್ತಿನ ಆರ್ಥಿಕತೆ ಕುಸಿದ ವರ್ಷ ಅದು. ಎಸ್.ಪಿ.ಪಿ. ಉಳಿದುಕೊಂಡಿತು, ಬ್ರೆಮೆನ್‌ನ ಕಂಪನಿ ಮುಂದೆ ದಿವಾಳಿ ಪ್ರಕ್ರಿಯೆಗೆ ಹೋಯಿತು. ಕೊಂಡ ಕಂಪನಿಯ ಜೊತೆ ಅದರ ಸಂಬಳದ ಹೊರೆ, ಅದರ ಮಾರುಕಟ್ಟೆಯ ಏರಿಳಿತವೂ ಬರುತ್ತದೆ.

2018ರ ಜುಲೈನಲ್ಲಿ ಥಾಯ್ಲೆಂಡಿನ ಥಾಮ್ ಲುಆಂಗ್ ಗುಹೆಯಲ್ಲಿ ಹನ್ನೆರಡು ಹುಡುಗರು ಮತ್ತು ಅವರ ತರಬೇತುದಾರ ನೆರೆನೀರಿನ ಹಿಂದೆ ಸಿಕ್ಕಿಕೊಂಡಿದ್ದಾಗ, ನೀರು ಹೊರಹಾಕುವ ಬಗ್ಗೆ ಸಲಹೆ ಕೊಡಲು ಹೋದವರಲ್ಲಿ ಕಿರ್ಲೋಸ್ಕರ್ ಬ್ರದರ್ಸ್‌ನ ತಜ್ಞರೂ ಇದ್ದರು. ಅಲ್ಲಿ ಬೇಕಿದ್ದದ್ದು ಯಾವ ಪಂಪು, ಎಲ್ಲಿ, ಎಷ್ಟು ಹೊತ್ತು ಎಂದು ಹೇಳಬಲ್ಲ ಅನುಭವ. ಬಾವಿಗಳಿಂದ ನೀರೆತ್ತುತ್ತ ಒಂದು ಶತಮಾನದಲ್ಲಿ ಕೂಡಿಬಂದ ಅಂಥ ತಿಳಿವಳಿಕೆಯನ್ನು ಯಾವ ಒಪ್ಪಂದದ ಮೇಲೂ ಎರವಲು ತರಲಾಗದು.

ಖಡಕಿಯ ಕಂಪನಿಯ ಎಂಜಿನ್‌ಗಳು ಇಂದು ನಿಪ್ಪಾಣಿಗೆ ಹತ್ತಿರದ, ಕೊಲ್ಹಾಪುರ ಜಿಲ್ಲೆಯ ಕಾಗಲ್‌ನಲ್ಲಿಯೂ ತಯಾರಾಗುತ್ತವೆ. ಹೊಲದ ಬಾವಿಗಿಂತ ಆಸ್ಪತ್ರೆ, ಮೊಬೈಲ್ ಟವರ್, ಅಪಾರ್ಟ್‌ಮೆಂಟುಗಳ ಜನರೇಟರ್‌ಗಳಲ್ಲಿ ಅವು ಹೆಚ್ಚಾಗಿ ಕೇಳಿಸುತ್ತವೆ. ಹೊಗೆಯ ನಿಯಮಗಳು ಬಿಗಿಯಾಗುತ್ತಿವೆ, ಬಾವಿಯ ಮೇಲೆ ಸೌರಫಲಕ ಬಂದಿದೆ. ಡೀಸೆಲ್ಲಿನ ಆಚೆಗೆ ಏನು ಎಂಬ ಪ್ರಶ್ನೆ ಖಡಕಿಗೂ ಬಂದಿದೆ, ಕೊಲಂಬಸ್‌ಗೂ ಬಂದಿದೆ. 1946ರಲ್ಲಿ ಉತ್ತರವನ್ನು ಇಂಗ್ಲೆಂಡಿನಿಂದ ತಂದು ಇಲ್ಲಿನ ಮಣ್ಣಿಗೆ ಒಗ್ಗಿಸಿಕೊಳ್ಳಲು ಸಾಧ್ಯವಿತ್ತು. ಈ ಸಲ ಹಾಗೆ ತರಬಹುದಾದ ಸಿದ್ಧ ಉತ್ತರ ಯಾರ ಬಳಿಯೂ ಇಲ್ಲ.