‘ಕೆನಡಾದ ಅನುಭವ ಇದೆಯೇ?’

ಕೆನಡಾದ ಟೊರಾಂಟೊ ನಗರದಲ್ಲಿ ಬಹಳ ವರ್ಷಗಳಿಂದ ಚಾಲ್ತಿಯಲ್ಲಿರುವ ಒಂದು ನಗೆಮಾತಿದೆ. ದಾರಿಯಲ್ಲಿ ಹೃದಯಾಘಾತವಾದರೆ ಆಂಬುಲೆನ್ಸ್‌ಗೆ ಕಾಯಬೇಡಿ, ಟ್ಯಾಕ್ಸಿ ಹಿಡಿಯಿರಿ. ಚಾಲಕನೇ ಡಾಕ್ಟರ್ ಆಗಿರುತ್ತಾನೆ ಎಂಬುದು ಅದರ ಸಾರ. ಈ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಅಲ್ಲಿನ ಸರ್ಕಾರವೇ ಒಮ್ಮೆ ಪರಿಶೀಲಿಸಿತು. 2006ರ ಜನಗಣತಿಯನ್ನು ಆಧರಿಸಿ 2012ರಲ್ಲಿ ಹೊರಬಂದ ವರದಿಯ ಪ್ರಕಾರ ಕೆನಡಾದ ಸುಮಾರು 50 ಸಾವಿರ ಟ್ಯಾಕ್ಸಿ ಚಾಲಕರಲ್ಲಿ ಅರ್ಧದಷ್ಟು ಮಂದಿ ಹೊರದೇಶಗಳಿಂದ ಬಂದವರು. ಅವರಲ್ಲಿ ಭಾರತದಲ್ಲಿ ಹುಟ್ಟಿದವರ ಸಂಖ್ಯೆಯೇ ಎಲ್ಲಕ್ಕಿಂತ ಹೆಚ್ಚು. ವೈದ್ಯಕೀಯ ಪದವಿ ಅಥವಾ ಪಿಎಚ್.ಡಿ. ಪಡೆದು ಟ್ಯಾಕ್ಸಿ ಓಡಿಸುತ್ತಿದ್ದ ವಲಸಿಗರು ಸುಮಾರು 200 ಜನ. ನಗೆಮಾತು ಹೇಳುವಷ್ಟು ದೊಡ್ಡ ಸಂಖ್ಯೆ ಇದಲ್ಲ. ಆದರೆ ವಲಸಿಗ ಚಾಲಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪ್ರೌಢಶಾಲೆಯ ನಂತರವೂ ಓದಿದವರು ಎಂಬ ಅಂಶ ನಗುವಂಥದ್ದಲ್ಲ.

ಇವರು ಯಾರೂ ಕದ್ದು ಬಂದವರಲ್ಲ, ಅಚಾನಕ್ಕಾಗಿ ಬಂದವರೂ ಅಲ್ಲ. ಅನೇಕರನ್ನು ಅವರ ಓದು ಮತ್ತು ಅನುಭವಕ್ಕೆ ಅಂಕ ಕೊಟ್ಟು ಕೆನಡಾ ಸರ್ಕಾರವೇ ಆರಿಸಿ ಕರೆಸಿಕೊಂಡಿತ್ತು. ಹಾಗೆ ಕರೆಸಿಕೊಂಡವರಿಗೆ ತಕ್ಕ ಕೆಲಸ ಸಿಗದೆ ಹೋದದ್ದೇಕೆ? ಆ ಕೊರತೆಯನ್ನು ತುಂಬಲು ಅಲ್ಲಿನ ಸಮಾಜ ಏನು ಮಾಡಿತು? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಬಣ್ಣದಿಂದ ಅಂಕಕ್ಕೆ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕೆನಡಾದ ಬಾಗಿಲು ಬಿಳಿಯರಿಗೆ ಮಾತ್ರ ಸಲೀಸಾಗಿ ತೆರೆಯುತ್ತಿತ್ತು. ಸ್ವದೇಶದಿಂದ ಎಲ್ಲಿಯೂ ತಂಗದೆ ನೇರವಾಗಿ ಪ್ರಯಾಣ ಮಾಡಿ ಬಂದವರಿಗಷ್ಟೇ ಪ್ರವೇಶ ಎಂಬ ನಿಯಮ 1908ರಲ್ಲಿ ಬಂತು. ಭಾರತದಿಂದ ಅಷ್ಟು ದೂರ ತಡೆಯಿಲ್ಲದೆ ಬರುವ ಹಡಗು ಇರಲಿಲ್ಲವಾದ್ದರಿಂದ ಭಾರತೀಯರ ಹೆಸರೆತ್ತದೆಯೇ ಅವರನ್ನು ಹೊರಗಿಟ್ಟಂತಾಯಿತು. 1914ರಲ್ಲಿ 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್ ಬಂದರಿಗೆ ಹೋದ ‘ಕೊಮಾಗಾಟ ಮಾರು’ ಹಡಗನ್ನು ಹಿಂದಕ್ಕೆ ಕಳುಹಿಸಿದ್ದು ಈ ನಿಯಮದ ಬಲದಿಂದಲೇ. ಸ್ವಾತಂತ್ರ್ಯಾನಂತರ 1951ರಲ್ಲಿ ಭಾರತಕ್ಕೆ ನಿಗದಿಯಾದದ್ದು ವರ್ಷಕ್ಕೆ ಬರೀ 150 ಜನರ ಕೋಟಾ. 1957ರಲ್ಲಿ ಅದು 300ಕ್ಕೆ ಏರಿತು.

1962ರಲ್ಲಿ ಸಚಿವೆ ಎಲೆನ್ ಫೇರ್‌ಕ್ಲಫ್ ಅವರ ಕಾಲದಲ್ಲಿ ಜನಾಂಗ ಆಧಾರಿತ ನಿರ್ಬಂಧಗಳು ಬಹುಮಟ್ಟಿಗೆ ಹೋದವು. 1967ರಲ್ಲಿ ಅಂಕ ಪದ್ಧತಿ ಬಂತು. ನೂರಕ್ಕೆ 50 ಅಂಕ ಪಡೆದವರು ಯಾವ ದೇಶದವರಾದರೂ ಸರಿ, ಅರ್ಹರು. ವಿದ್ಯೆಗೆ ಗರಿಷ್ಠ 20 ಅಂಕ. ವಯಸ್ಸು, ಭಾಷೆ, ವೃತ್ತಿ ಕೌಶಲಗಳಿಗೆ ಬೇರೆ ಬೇರೆ ಅಂಕ. ವಲಸಿಗರ ಆಯ್ಕೆಗೆ ಇಂಥ ಪದ್ಧತಿಯನ್ನು ಜಗತ್ತಿನಲ್ಲಿ ಮೊದಲು ತಂದ ದೇಶ ಕೆನಡಾ. ಭಾರತದ ಎಂಜಿನಿಯರ್, ಡಾಕ್ಟರ್, ಲೆಕ್ಕಪರಿಶೋಧಕರಿಗೆ ಆ ದೇಶದ ದಾರಿ ನಿಜವಾಗಿ ತೆರೆದದ್ದು ಆಗ. ಕರ್ನಾಟಕದ ಕಾಲೇಜುಗಳಲ್ಲಿ ಓದಿದ ಅನೇಕರೂ ಈ ದಾರಿಯಲ್ಲಿಯೇ ಹೋದರು.

ಆದರೆ ವ್ಯವಸ್ಥೆಯಲ್ಲಿ ಒಂದು ಬಿರುಕು ಉಳಿದಿತ್ತು. ಅಂಕ ಕೊಟ್ಟು ಆರಿಸುವುದು ಮುಖ್ಯವಾಗಿ ಕೇಂದ್ರ ಸರ್ಕಾರ. ವೈದ್ಯ, ಎಂಜಿನಿಯರ್, ವಕೀಲ ಮುಂತಾದವರಿಗೆ ಲೈಸೆನ್ಸ್ ಕೊಡುವುದು ಪ್ರಾಂತ್ಯಗಳ ಕಾನೂನಿನಡಿ ನಡೆಯುವ ವೃತ್ತಿ ಮಂಡಳಿಗಳು. ಕೆಲಸ ಕೊಡುವುದು ಕಂಪೆನಿಗಳು. ಒಬ್ಬರು ಒಪ್ಪಿದ ಪದವಿಯನ್ನು ಇನ್ನೊಬ್ಬರು ಒಪ್ಪಲೇಬೇಕೆಂದಿರಲಿಲ್ಲ.

ಒಬ್ಬ ವಕೀಲರ ಕಥೆ

ಈ ಬಿರುಕು ಅಂಕ ಪದ್ಧತಿಗಿಂತಲೂ ಹಳೆಯದು. ಪೋಲೆಂಡಿನ ಕ್ರಾಕೊ ನಗರದಲ್ಲಿ ಕಾನೂನು ಓದಿದ ಜೇಕಬ್ ಸಿಲ್ಬರ್‌ಮನ್ ನಾಜಿಗಳ ಹತ್ಯಾಕಾಂಡದಿಂದ ಪಾರಾಗಿ 1950ರಲ್ಲಿ ಸಂಸಾರ ಸಮೇತ ಕೆನಡಾಕ್ಕೆ ಬಂದರು. ಪೌರತ್ವವಿಲ್ಲದವರು ವಕೀಲಿ ಮಾಡುವಂತಿಲ್ಲ ಎಂಬ ಉತ್ತರ ಅವರಿಗೆ ಸಿಕ್ಕಿತು. ಅವರು ವಿಮಾ ಏಜೆಂಟರಾದರು. ಆಗ ನಾಲ್ಕು ವರ್ಷದವಳಾಗಿದ್ದ ಅವರ ಮಗಳು ತಾನೇ ವಕೀಲೆಯಾಗುವುದಾಗಿ ನಿಶ್ಚಯಿಸಿದಳು. ಆಕೆಯೇ ಮುಂದೆ ಕೆನಡಾದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ರೋಸಲಿ ಅಬೆಲ್ಲಾ.

1984ರಲ್ಲಿ ಅಬೆಲ್ಲಾ ಅವರ ಏಕಸದಸ್ಯ ಆಯೋಗ ಉದ್ಯೋಗದಲ್ಲಿ ಸಮಾನತೆ ಕುರಿತು ವರದಿ ಕೊಟ್ಟಿತು. ಅದರ ಫಲವಾಗಿ 1986ರಲ್ಲಿ ಉದ್ಯೋಗ ಸಮತೆಯ ಕಾಯ್ದೆ ಬಂತು. ಮಹಿಳೆಯರು, ಮೂಲನಿವಾಸಿಗಳು, ಅಂಗವಿಕಲರು ಮತ್ತು ಬಿಳಿಯರಲ್ಲದ ಅಲ್ಪಸಂಖ್ಯಾತರು ತಮ್ಮಲ್ಲಿ ಎಷ್ಟಿದ್ದಾರೆ ಎಂಬ ಲೆಕ್ಕವನ್ನು ಬ್ಯಾಂಕು, ವಿಮಾನ, ದೂರಸಂಪರ್ಕದಂಥ ಕೇಂದ್ರದ ವ್ಯಾಪ್ತಿಯ ಸಂಸ್ಥೆಗಳು ಕೊಡಬೇಕಾಯಿತು. ವಕೀಲರಾಗಲು ಪೌರತ್ವ ಬೇಕೆಂಬ ಷರತ್ತನ್ನು 1989ರಲ್ಲಿ ಸುಪ್ರೀಂ ಕೋರ್ಟ್ ‘ಆಂಡ್ರೂಸ್’ ಮೊಕದ್ದಮೆಯಲ್ಲಿ ತೆಗೆದುಹಾಕಿತು. ಆದರೆ ಈ ಯಾವ ಕ್ರಮವೂ ಬೆಂಗಳೂರಿನಲ್ಲಿಯೋ ಮನಿಲಾದಲ್ಲಿಯೋ ಪಡೆದ ಪದವಿ ಮತ್ತು ಅನುಭವಕ್ಕೆ ಬೆಲೆ ಕಟ್ಟುವ ಕೆಲಸ ಮಾಡಲಿಲ್ಲ.

ಪರಿಣಾಮ ಸಂಬಳದಲ್ಲಿ ಕಾಣಿಸಿತು. ಜನಗಣತಿಯ ಅಂಕಿಅಂಶದಂತೆ 1980ರಲ್ಲಿ ಕೆನಡಾದಲ್ಲಿ ಹುಟ್ಟಿದ ಗಂಡಸು ಒಂದು ಡಾಲರ್ ಗಳಿಸಿದರೆ ಹೊಸದಾಗಿ ಬಂದ ವಲಸಿಗ ಗಂಡಸಿನ ಗಳಿಕೆ 85 ಸೆಂಟ್ ಇತ್ತು. 2005ರ ಹೊತ್ತಿಗೆ ಅದು 63 ಸೆಂಟ್‌ಗೆ ಇಳಿಯಿತು. ಹೆಂಗಸರ ವಿಷಯದಲ್ಲಿ 85 ಸೆಂಟ್ ಇದ್ದದ್ದು 56ಕ್ಕೆ ಬಂತು.

ಸಂದರ್ಶನಗಳಲ್ಲಿ ಪದೇ ಪದೇ ಕೇಳಿಬರುತ್ತಿದ್ದ ಪ್ರಶ್ನೆ ಒಂದೇ: ‘ಕೆನಡಾದ ಅನುಭವ ಇದೆಯೇ?’ ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆಯಂತಹ ಸ್ಥಿತಿ ಅದು.

ಪರಿಚಯವೇ ಬಂಡವಾಳ

ಈ ಸುತ್ತಿನಿಂದ ಹೊರಬರುವ ದಾರಿಯ ಸುಳಿವು ಸಮಾಜಶಾಸ್ತ್ರದಲ್ಲಿ ಮೊದಲೇ ಇತ್ತು. ಅಮೆರಿಕದ ಮಾರ್ಕ್ ಗ್ರನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಜನರಿಗೆ ಕೆಲಸದ ಸುದ್ದಿ ಮುಟ್ಟಿಸುವುದರಲ್ಲಿ ಆಪ್ತರಿಗಿಂತ ಅಷ್ಟೇನೂ ಹತ್ತಿರದವರಲ್ಲದ ಪರಿಚಿತರ ಪಾತ್ರ ದೊಡ್ಡದು ಎಂದು ತೋರಿಸಿದ್ದರು. ಆಪ್ತರಿಗೆ ಗೊತ್ತಿರುವುದು ಬಹುತೇಕ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಹೊರಗಿನ ವಲಯದಿಂದ. ಹೊಸದಾಗಿ ಬಂದ ವಲಸಿಗನಿಗೆ ನೆಂಟರು, ತನ್ನ ಭಾಷೆಯವರು ಇರಬಹುದು. ಆದರೆ ತನ್ನ ವೃತ್ತಿಯಲ್ಲಿರುವ ಸ್ಥಳೀಯರ ಪರಿಚಯ ಇರುವುದಿಲ್ಲ.

2003ರಲ್ಲಿ ಟೊರಾಂಟೊದಲ್ಲಿ ವಲಸಿಗರ ಉದ್ಯೋಗಕ್ಕಾಗಿಯೇ ಒಂದು ಮಂಡಳಿ ಹುಟ್ಟಿತು. ಟೊರಾಂಟೊ ರೀಜನ್ ಇಮಿಗ್ರಂಟ್ ಎಂಪ್ಲಾಯ್‌ಮೆಂಟ್ ಕೌನ್ಸಿಲ್ ಎಂಬ ಉದ್ದ ಹೆಸರಿನ ಇದನ್ನು ಎಲ್ಲರೂ ‘ಟ್ರೀಕ್’ ಎಂದು ಕರೆಯುತ್ತಾರೆ. ಕಂಪೆನಿಗಳ ಮುಖ್ಯಸ್ಥರು, ಸರ್ಕಾರದವರು, ಸ್ವಯಂಸೇವಾ ಸಂಸ್ಥೆಗಳು ಒಂದೇ ಮೇಜಿನ ಸುತ್ತ ಕೂತದ್ದು ಇದರ ವಿಶೇಷ. ಸ್ಥಾಪನೆಯಲ್ಲಿ ದೊಡ್ಡ ಪಾತ್ರ ವಹಿಸಿದ ಮೇಟ್ರಿ ಪ್ರತಿಷ್ಠಾನದ ಆಗಿನ ಮುಖ್ಯಸ್ಥೆ ರತ್ನಾ ಓಮಿದ್ವಾರ್ ಅಮೃತಸರದಲ್ಲಿ ಹುಟ್ಟಿದವರು. ಇರಾನಿನಿಂದ 1981ರಲ್ಲಿ ಕೆನಡಾಕ್ಕೆ ಬಂದು, ಕಲಿತ ಶಿಕ್ಷಕ ವೃತ್ತಿಯಲ್ಲಿ ನೆಲೆ ಸಿಗದ ಕಷ್ಟವನ್ನು ಅವರು ಸ್ವತಃ ಉಂಡವರು. 2016ರಲ್ಲಿ ಅವರು ಕೆನಡಾದ ಸೆನೆಟ್ ಸದಸ್ಯೆಯಾದರು.

ಟ್ರೀಕ್ 2004ರಲ್ಲಿ ಆರಂಭಿಸಿದ ಮಾರ್ಗದರ್ಶನ ಯೋಜನೆ ಸರಳವಾದದ್ದು. ಹೊಸದಾಗಿ ಬಂದ ಲೆಕ್ಕಪರಿಶೋಧಕನಿಗೆ ಊರಿನಲ್ಲಿ ನೆಲೆಯೂರಿದ ಲೆಕ್ಕಪರಿಶೋಧಕ, ಎಂಜಿನಿಯರ್‌ಗೆ ಎಂಜಿನಿಯರ್ ಜೊತೆಗಾರ. ಆರಂಭದ ವರ್ಷಗಳಲ್ಲಿ ನಾಲ್ಕು ತಿಂಗಳ ಅವಧಿಯಲ್ಲಿ ಒಟ್ಟು 24 ಗಂಟೆಗಳ ಭೇಟಿ ನಿಗದಿಯಾಗಿತ್ತು. ಟೊರಾಂಟೊ ನಗರಾಡಳಿತವೂ ದೊಡ್ಡ ಬ್ಯಾಂಕುಗಳೂ ತಮ್ಮ ನೌಕರರನ್ನು ಮಾರ್ಗದರ್ಶಕರಾಗಿ ಕಳುಹಿಸಿದವು. ಹತ್ತು ಸಾವಿರಕ್ಕೂ ಹೆಚ್ಚು ಜೋಡಿಗಳು ಈ ಯೋಜನೆಯಲ್ಲಿ ಕೂಡಿದವು.

ಮಾರ್ಗದರ್ಶಕ ಕೆಲಸ ಕೊಡಿಸಬೇಕಾಗಿಲ್ಲ. ನಮ್ಮಲ್ಲಿ ‘ವಶೀಲಿ’ ಎನ್ನುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಅವನು ಹೇಳಿಕೊಡುವುದು ಯಾವ ಪುಸ್ತಕದಲ್ಲೂ ಪೂರ್ತಿ ಸಿಗದ ರೂಢಿಗಳನ್ನು. ಉದಾಹರಣೆಗೆ, ನಮ್ಮ ಬಯೋಡೇಟಾದಲ್ಲಿ ತಂದೆಯ ಹೆಸರು, ಹುಟ್ಟಿದ ದಿನಾಂಕ, ಮದುವೆಯ ವಿವರ ಬರೆಯುವುದು ವಾಡಿಕೆ. ಕೆನಡಾದಲ್ಲಿ ಇವು ಇರಕೂಡದು; ತಾರತಮ್ಯಕ್ಕೆ ಅವಕಾಶ ಕೊಡುವ ಇಂಥ ಪ್ರಶ್ನೆಗಳನ್ನು ಅಲ್ಲಿನ ಮಾನವ ಹಕ್ಕು ಕಾನೂನುಗಳು ಒಪ್ಪುವುದಿಲ್ಲ. ‘ನಾವು ಆ ಯೋಜನೆ ಮುಗಿಸಿದೆವು’ ಎನ್ನುವ ನಮ್ಮ ವಿನಯ ಅಲ್ಲಿನ ಸಂದರ್ಶಕರಿಗೆ ಅರ್ಥವಾಗದೆ ಹೋಗಬಹುದು. ‘ಅದರಲ್ಲಿ ನಾನು ಮಾಡಿದ್ದೇನು’ ಎಂಬುದನ್ನು ಅವರು ಕೇಳಬಯಸುತ್ತಾರೆ. ಜಾಹೀರಾತಿಗೆ ಬರದ ಕೆಲಸಗಳ ಸುದ್ದಿ ಯಾರನ್ನು ಕೇಳಿದರೆ ತಿಳಿದೀತು ಎಂಬುದೂ ಈ ಭೇಟಿಗಳಲ್ಲಿ ಗೊತ್ತಾಗುತ್ತದೆ.

ಕಲಿಕೆ ಒಂದು ಕಡೆಯದಷ್ಟೇ ಆಗಿರಲಿಲ್ಲ. ವಾರಕ್ಕೊಮ್ಮೆ ಎದುರು ಕೂತು ಮಾತಾಡಿದ ಮೇಲೆ, ಎಂದೂ ಕೇಳಿರದ ವಿಶ್ವವಿದ್ಯಾಲಯದ ಪದವಿಯ ಬಗ್ಗೆ ಮಾರ್ಗದರ್ಶಕನಿಗಿದ್ದ ಅನುಮಾನವೂ ಕಡಿಮೆಯಾಗಲು ಅವಕಾಶವಿತ್ತು. 2007ರಲ್ಲಿ ಮೇಟ್ರಿ ಮತ್ತು ಮೆಕಾನಲ್ ಪ್ರತಿಷ್ಠಾನಗಳು ಈ ಮಾದರಿಯನ್ನು ಕೆನಡಾದ ಇತರ ನಗರಗಳಿಗೆ ಒಯ್ಯಲು ಮುಂದಾದವು. ನ್ಯೂಜಿಲೆಂಡಿನ ಆಕ್ಲೆಂಡ್ ನಗರವೂ ಇದನ್ನು ಅನುಸರಿಸಿತು.

ಹೆಸರು ನೋಡಿ ಮಣೆ

ಹಾಗಾದರೆ ರೂಢಿ ಕಲಿತ ವಲಸಿಗನಿಗೆ ಬಾಗಿಲು ತೆರೆಯಿತೇ? ಟೊರಾಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೊಪೌಲಸ್ ಒಂದು ಪ್ರಯೋಗ ಮಾಡಿದರು. ನಿಜವಾದ ಜಾಹೀರಾತುಗಳಿಗೆ ಕಲ್ಪಿತ ಅಭ್ಯರ್ಥಿಗಳ ಸಾವಿರಾರು ಅರ್ಜಿಗಳನ್ನು ಕಳುಹಿಸಿದರು. 2009ರಲ್ಲಿ ಹೊರಬಂದ ಫಲಿತಾಂಶದಂತೆ, ಕೆನಡಾದಲ್ಲೇ ಓದಿ ದುಡಿದ ಇಂಗ್ಲಿಷ್ ಹೆಸರಿನವರಿಗೆ ನೂರಕ್ಕೆ 16 ಅರ್ಜಿಗಳಲ್ಲಿ ಕರೆ ಬಂತು. ಹೊರದೇಶದಲ್ಲಿ ಓದಿ ದುಡಿದ ಭಾರತೀಯ, ಪಾಕಿಸ್ತಾನಿ, ಚೀನೀ ಹೆಸರಿನವರಿಗೆ ನೂರಕ್ಕೆ ಐದರಲ್ಲಿ. ಇದೇ ಹೆಸರುಗಳ ಮುಂದೆ ಕೆನಡಾದ ಅನುಭವ ಸೇರಿಸಿದಾಗ ಅದು 11ಕ್ಕೆ ಏರಿತು. ಬ್ರಿಟನ್ನಿನಿಂದ ಬಂದವರಿಗೆ ಮಾತ್ರ ಹೊರದೇಶದ ಅನುಭವ ಅಡ್ಡಿಯಾಗಲಿಲ್ಲ. 2011ರ ಇನ್ನೊಂದು ಅಧ್ಯಯನದಲ್ಲಿ, ಉಳಿದೆಲ್ಲ ವಿವರ ಸಮಾನವಾಗಿದ್ದರೂ ಇಂಗ್ಲಿಷ್ ಹೆಸರಿಗೆ ಶೇ 35ರಷ್ಟು ಹೆಚ್ಚು ಕರೆಗಳು ಬಂದವು.

ಮಾರ್ಗದರ್ಶನದ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ. ವಲಸಿಗ ತನ್ನ ಅರ್ಜಿಯನ್ನು ತಿದ್ದಿಕೊಳ್ಳಬಹುದು, ಮಾತಿನ ರೀತಿ ಬದಲಿಸಿಕೊಳ್ಳಬಹುದು. ಅರ್ಜಿ ಓದುವವರ ಕಣ್ಣನ್ನು ಅವನು ತಿದ್ದಲಾರ. ಅದು ಕಾನೂನಿನ ಕೆಲಸವಾಗಿತ್ತು.

ಕಾನೂನು ನಿಧಾನವಾಗಿ ಬಂತು. ಲೈಸೆನ್ಸ್ ಕೊಡುವ ಮಂಡಳಿಗಳು ನ್ಯಾಯಯುತವಾಗಿ, ಪಾರದರ್ಶಕವಾಗಿ ನಡೆದುಕೊಳ್ಳಬೇಕೆಂಬ ಕಾಯ್ದೆಯನ್ನು ಕೆನಡಾದಲ್ಲಿ ಮೊದಲು ತಂದದ್ದು ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯ, 2006ರಲ್ಲಿ. ‘ಕೆನಡಾದ ಅನುಭವ’ ಕೇಳುವುದು ಮೇಲ್ನೋಟಕ್ಕೇ ತಾರತಮ್ಯ ಎಂದು ಆ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗ 2013ರಲ್ಲಿ ಸಾರಿತು. ನಾಲ್ಕು ವರ್ಷದ ಅನುಭವದಲ್ಲಿ ಒಂದು ವರ್ಷವಾದರೂ ಕೆನಡಾದ್ದಾಗಿರಬೇಕು ಎಂಬ ಷರತ್ತನ್ನು ಒಂಟಾರಿಯೊದ ಎಂಜಿನಿಯರುಗಳ ಮಂಡಳಿ ಕೈಬಿಟ್ಟದ್ದು 2023ರಲ್ಲಿ. ಕೊನೆಗೆ 2024ರಲ್ಲಿ ಅಂಗೀಕಾರವಾದ ಕಾಯ್ದೆಯೊಂದು, 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಉದ್ಯೋಗದ ಜಾಹೀರಾತಿನಲ್ಲಿ ಈ ಷರತ್ತು ಹಾಕುವುದನ್ನೇ 2026ರ ಜನವರಿ 1ರಿಂದ ನಿಷೇಧಿಸಿತು.

ಸಿಲ್ಬರ್‌ಮನ್ ಅವರನ್ನು ತಡೆದ ಷರತ್ತು ಹೋಗಲು 39 ವರ್ಷ ಬೇಕಾಯಿತು. ಅವರು ಅದನ್ನು ನೋಡಲಿಲ್ಲ. ಮಗಳು ಕಾನೂನು ಪದವಿ ಪಡೆಯುವ ಒಂದು ತಿಂಗಳ ಮೊದಲು, 1970ರಲ್ಲಿ ತೀರಿಕೊಂಡಿದ್ದರು. ಅಂಕ ಪದ್ಧತಿ ಬಂದಂದಿನಿಂದ ‘ಕೆನಡಾದ ಅನುಭವ’ ಒಂದು ಪ್ರಾಂತ್ಯದ ಜಾಹೀರಾತುಗಳಿಂದ ಹೋಗಲು ಹಿಡಿದದ್ದು 59 ವರ್ಷ. ಅಷ್ಟರಲ್ಲಿ ಬಂದವರ ಒಂದು ಪೀಳಿಗೆಯೇ ನಿವೃತ್ತಿಯ ವಯಸ್ಸು ದಾಟಿದೆ. ಕಾನೂನು ಬರುವವರೆಗೆ ಕಾಯಲಾಗದೆ, ಆ ತಿಂಗಳ ಬಾಡಿಗೆಯನ್ನು ಆ ತಿಂಗಳೇ ಕಟ್ಟಬೇಕಾಗಿದ್ದವರಿಗೆ ಒದಗಿದ್ದು ಅದೇ ವೃತ್ತಿಯ ಒಬ್ಬ ಅಪರಿಚಿತ ಬಿಡುವು ಮಾಡಿಕೊಂಡು ಕೊಟ್ಟ 24 ಗಂಟೆಗಳು.